ಉಲ್ಟಾ ಸಾಲಿನ ಗೆಲುವು ಗೆಲುವಲ್ವಾ?

ಈ ವಿಷಯ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಸೋಮಾರಿತನ, ಜೊತೆಗೆ ಕೆಲಸ... ಹಾಗೇ ಉಳಿದುಹೋಗಿತ್ತು. ಮೊನ್ನೆ ಆಫೀಸ್ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬರು ಮತ್ತೆ ಕೆಣಕಿದ್ದರಿಂದ ಇವತ್ತು ಕುಟ್ಟುತ್ತಾ ಕೂತಿದ್ದೇನೆ.

ಮಾತು ಬಂದದ್ದು ಕುಶ್ ಮೈನಿ ಬಗ್ಗೆ. ನಮ್ಮ ಬೆಂಗಳೂರಿನ ಹುಡುಗ. 2025ರ ಮೇ 24ರ ಶನಿವಾರ ಮೊನಾಕೊ ಬೀದಿಗಳಲ್ಲಿ ನಡೆದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ. ಮೊನಾಕೊದಲ್ಲಿ ಫಾರ್ಮುಲಾ 2 ಗೆದ್ದ ಮೊದಲ ಭಾರತೀಯ ಅವನೇ. "ಅಯ್ಯೋ ಬಿಡಿ ಸಾರ್, ಅದು ಉಲ್ಟಾ ಗ್ರಿಡ್ಡು. ಬಂದಿದ್ದು ಹತ್ತನೇ ಜಾಗ, ನಿಲ್ಲಿಸಿದ್ದು ಮೊದಲನೇ ಜಾಗದಲ್ಲಿ. ಮೊನಾಕೊದಲ್ಲಿ ಓವರ್‌ಟೇಕ್ ಮಾಡೋಕೆ ಆಗಲ್ಲ. ಮುಂದೆ ನಿಂತವನು ಗೆಲ್ಲಲೇಬೇಕು. ದಾನ ಸಿಕ್ಕಿದ್ದಕ್ಕೆ ಇಷ್ಟು ಕುಣಿದಾಟನಾ?" ಅಂದರು ಆ ಮಹಾನುಭಾವರು. ಕಾಫಿ ಕುಡಿದು ಎದ್ದು ಹೋದರು. ನನಗೆ ಮಾತ್ರ ಆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿದೆ.

ರೇಸು ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಫಾರ್ಮುಲಾ 1ಕ್ಕೆ ಒಂದು ಮೆಟ್ಟಿಲು ಕೆಳಗಿರುವುದು ಫಾರ್ಮುಲಾ 2. ಹನ್ನೊಂದು ತಂಡ, ಇಪ್ಪತ್ತೆರಡು ಕಾರು. ಎಲ್ಲರಿಗೂ ಒಂದೇ ಮಾದರಿಯ ಕಾರು, ಒಂದೇ ಮಾದರಿಯ ಎಂಜಿನ್. ವಾರಾಂತ್ಯದಲ್ಲಿ ಎರಡು ರೇಸು. ಭಾನುವಾರದ್ದು ದೊಡ್ಡದು, ಅದರಲ್ಲಿ ಕ್ವಾಲಿಫೈಯಿಂಗ್‌ನಲ್ಲಿ ಬಂದ ಕ್ರಮದಲ್ಲೇ ನಿಲ್ಲುತ್ತಾರೆ. ಶನಿವಾರದ್ದು ಚಿಕ್ಕದು, ಅದರಲ್ಲಿ ಮೊದಲ ಹತ್ತು ಜನರ ಸಾಲನ್ನು ತಿರುಗಿಸಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲು, ಮೊದಲನೆಯವನು ಹತ್ತನೇ ಜಾಗದಲ್ಲಿ. ಕುಶ್ ಕ್ವಾಲಿಫೈಯಿಂಗ್‌ನಲ್ಲಿ ಹತ್ತನೆಯವನು, ಹಾಗಾಗಿ ಶನಿವಾರ ಎಲ್ಲರಿಗಿಂತ ಮುಂದೆ. ಇಷ್ಟು ನಿಜ. ಇದನ್ನು ನಾನು ಮುಚ್ಚಿಡುತ್ತಿಲ್ಲ.

ಆದರೆ "ದಾನ" ಅನ್ನೋ ಪದ ಇದೆಯಲ್ಲ, ಅದರ ಮೇಲೆ ನನ್ನ ತಕರಾರು.

ಮೊದಲನೆಯದು, ಆ ಹತ್ತನೇ ಜಾಗ ಪುಕ್ಕಟೆ ಸಿಕ್ಕಿದ್ದಲ್ಲ. ಮೊನಾಕೊ ಸರ್ಕ್ಯೂಟಿನ ಉದ್ದ 3.337 ಕಿಲೋಮೀಟರ್, ಅಷ್ಟರಲ್ಲೇ ಹತ್ತೊಂಬತ್ತು ತಿರುವು. ಇಪ್ಪತ್ತೆರಡು ಕಾರು ಒಟ್ಟಿಗೆ ಬಿಟ್ಟರೆ ಶನಿವಾರ ಸಂಜೆಯ ಅವೆನ್ಯೂ ರಸ್ತೆ ಆಗುತ್ತೆ ಅಂತ ಅಲ್ಲಿ ಕ್ವಾಲಿಫೈಯಿಂಗನ್ನೇ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ಹದಿನಾರು ನಿಮಿಷ. ಅದಕ್ಕೂ ಮುಂಚೆ ಅಭ್ಯಾಸಕ್ಕೆ ಸಿಗುವುದು ನಲವತ್ತೈದು ನಿಮಿಷ, ಒಂದೇ ಸಲ. ಅಷ್ಟೇ ಪಾಠ, ಆಮೇಲೆ ಪರೀಕ್ಷೆ. ಆ ಹದಿನಾರು ನಿಮಿಷದಲ್ಲಿ ಯಾರೋ ಒಬ್ಬ ಗೋಡೆಗೆ ಗುದ್ದಿ ಕೆಂಪು ಬಾವುಟ ಬಂತೋ, ನಿಮ್ಮ ಒಳ್ಳೆಯ ಸುತ್ತು ಹೋಯ್ತು. ಇದರಲ್ಲಿ ಹತ್ತರೊಳಗೆ ಬರಬೇಕು. ಹನ್ನೊಂದನೆಯವನಿಗೆ ಯಾರೂ ಏನೂ ತಿರುಗಿಸಿ ಕೊಡುವುದಿಲ್ಲ, ಅವನು ಎರಡು ರೇಸಿನಲ್ಲೂ ಹನ್ನೊಂದನೇ ಜಾಗದಲ್ಲೇ ನಿಲ್ಲಬೇಕು.

ಎರಡನೆಯದು, "ಮುಂದೆ ನಿಂತವನು ಗೆಲ್ಲಲೇಬೇಕು" ಅನ್ನೋ ವಾದ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ ಸ್ವಾಮಿ, ಮಾರನೇ ದಿನವೇ ಸಿಕ್ಕಿತು! ಭಾನುವಾರದ ರೇಸಿಗೆ ಎಲ್ಲರಿಗಿಂತ ಮುಂದೆ ನಿಂತಿದ್ದವನು ಐರ್ಲೆಂಡಿನ ಅಲೆಕ್ಸ್ ಡನ್. ಅವನದು ಉಲ್ಟಾ ಸಾಲಲ್ಲ, ನಿಜವಾಗಿ ಎಲ್ಲರಿಗಿಂತ ವೇಗವಾಗಿ ಓಡಿಸಿ ಗಳಿಸಿದ ಜಾಗ. ದೀಪ ಆರಿತು, ಮೊದಲ ತಿರುವು ಸೇಂಟ್ ಡೆವೋಟ್ ಬಂತು, ಪಕ್ಕದಲ್ಲಿದ್ದ ವಿಕ್ಟರ್ ಮಾರ್ಟಿನ್ಸ್ ಕಾರಿಗೂ ಅವನ ಕಾರಿಗೂ ತಾಗಿತು. ಇಬ್ಬರೂ ಗೋಡೆಗೆ. ಹಿಂದೆ ಬಂದವರು ಒಬ್ಬರ ಮೇಲೊಬ್ಬರು. ರಸ್ತೆಯೇ ಮುಚ್ಚಿಹೋಗಿ ರೇಸ್ ನಿಲ್ಲಿಸಬೇಕಾಯಿತು. ಕೊನೆಗೆ ಗೆದ್ದವನು ಜ್ಯಾಕ್ ಕ್ರಾಫರ್ಡ್. ಅದೇ ಬೀದಿ, ಅದೇ ತಿರುವು, ಅದೇ ಮೊದಲ ಜಾಗ. ಇಪ್ಪತ್ತನಾಲ್ಕು ಗಂಟೆ ಮುಂಚೆ ಒಬ್ಬ ಅಲ್ಲಿಂದ ಸರಿಯಾಗಿ ಹೊರಬಂದಿದ್ದ, ಇನ್ನೊಬ್ಬನಿಗೆ ಮೊದಲ ತಿರುವು ದಾಟಲೂ ಆಗಲಿಲ್ಲ.

ಇನ್ನೂ ಹಳೆಯದು ಬೇಕಾ? 2017ರಲ್ಲಿ ಇದೇ ಮೊನಾಕೊದಲ್ಲಿ ಶಾರ್ಲ್ ಲೆಕ್ಲೇರ್ ಫಾರ್ಮುಲಾ 2 ಓಡಿಸಿದ. ಹುಟ್ಟಿ ಬೆಳೆದ ಊರು, ಬೀದಿ ಬೀದಿ ಗೊತ್ತು. ದೊಡ್ಡ ರೇಸಿಗೆ ಮೊದಲ ಜಾಗವೂ ಅವನದೇ. ಆ ವರ್ಷದ ಚಾಂಪಿಯನ್ ಆದವನೂ ಅವನೇ. ಆದರೆ ಆ ವಾರಾಂತ್ಯ ಎರಡು ರೇಸಿನಲ್ಲಿ ಒಂದನ್ನೂ ಮುಗಿಸಲಾಗಲಿಲ್ಲ. ಅಂಥವನಿಗೇ ಹೀಗಾದರೆ "ಮುಂದೆ ನಿಂತರೆ ಸಾಕು" ಅನ್ನೋದು ಕ್ಯಾಂಟೀನಿನಲ್ಲಿ ಕೂತು ಹೇಳುವ ಮಾತು ಅಷ್ಟೇ.

ಈ ಕಾರುಗಳಲ್ಲಿ ಪವರ್ ಸ್ಟಿಯರಿಂಗ್ ಇಲ್ಲ ಅನ್ನೋದನ್ನೂ ಗಮನಿಸಿ. ಬೆನ್ನ ಹಿಂದೆ ಆರುನೂರಕ್ಕೂ ಹೆಚ್ಚು ಅಶ್ವಶಕ್ತಿಯ ಟರ್ಬೊ ಎಂಜಿನ್, ಕೈಯಲ್ಲಿ ಒರಟು ಸ್ಟಿಯರಿಂಗ್, ಎರಡೂ ಕಡೆ ಕಬ್ಬಿಣದ ತಡೆಗೋಡೆ. ಬೇರೆ ಸರ್ಕ್ಯೂಟುಗಳಲ್ಲಿ ತಪ್ಪಿದರೆ ಹೆಚ್ಚಿನ ಕಡೆ ಪಕ್ಕದ ಖಾಲಿ ಜಾಗಕ್ಕೆ ಹೋಗಿ ವಾಪಸ್ ಬರಬಹುದು. ಇಲ್ಲಿ ಒಂದು ಗೇಣು ತಪ್ಪಿದರೆ ಚಕ್ರ ಮುರಿಯುತ್ತೆ. ಮೂವತ್ತು ಸುತ್ತು, ಸುತ್ತಿಗೆ ಹತ್ತೊಂಬತ್ತು ತಿರುವು. ಗುಣಿಸಿ ನೋಡಿ, ಐನೂರ ಎಪ್ಪತ್ತು. ಅಷ್ಟೂ ಸಲ ಸರಿಯಾಗಿ ತಿರುಗಿಸಿ, ಹಿಂದಿನವನಿಗೆ ಒಂದು ಸಲವೂ ಜಾಗ ಕೊಡದೆ, ಮೊದಲಿಂದ ಕೊನೆಯವರೆಗೆ ಮುಂದೆಯೇ ಇದ್ದ ಹುಡುಗ ಅವನು. ನಾವು ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಕನ್ನಡಿ ಒಡೆಸಿಕೊಳ್ಳುವವರು :-)

ಮೂರನೆಯದು ಬೆಲೆಯ ಮಾತು. ಭಾನುವಾರ ಗೆದ್ದರೆ 25 ಅಂಕ, ಶನಿವಾರ ಗೆದ್ದರೆ 10. ಅಂದರೆ ಉಲ್ಟಾ ಸಾಲಿನ ರಿಯಾಯಿತಿಯನ್ನು ನಿಯಮ ಮಾಡಿದವರೇ ಮೊದಲೇ ಕಳೆದಿದ್ದಾರೆ. ಅವರು ಕಳೆದ ಮೇಲೆ ನಾವು ಇನ್ನೊಂದು ಸಲ ಯಾಕೆ ಕಳೆಯಬೇಕು? ಒಂದೇ ಬಿಲ್ಲಿಗೆ ಎರಡು ಸಲ ತೆರಿಗೆ ಹಾಕಿದ ಹಾಗಾಯ್ತಲ್ಲವೇ?

"ದುಡ್ಡಿದ್ದವರ ಮಕ್ಕಳ ಆಟ" ಅನ್ನೋ ಮಾತಿಗೂ ಬರುತ್ತೇನೆ. ಹೌದು. ರೇವಾ ಎಲೆಕ್ಟ್ರಿಕ್ ಕಾರು ಕೊಟ್ಟ ಮೈನಿ ಕುಟುಂಬ ಅದು. ಅಣ್ಣ ಅರ್ಜುನ್ ಕೂಡ 2018ರಲ್ಲಿ ಫಾರ್ಮುಲಾ 2 ಓಡಿಸಿದವನು. ಚಿಕ್ಕಂದಿನಲ್ಲಿ ಕಾರ್ಟಿಂಗ್, ಆಮೇಲೆ ಯುರೋಪು, ವರ್ಷ ವರ್ಷ ಕೋಟಿಗಟ್ಟಲೆ ಖರ್ಚು. ಹೊಸಕೋಟೆಯ ಮೆಕ್ಯಾನಿಕ್ ಮಗನಿಗೆ ಈ ಬಾಗಿಲು ಮುಚ್ಚಿದೆ. ಅದು ಅನ್ಯಾಯ, ಅದರ ಬಗ್ಗೆ ಎಷ್ಟು ಬೇಕಾದರೂ ಬೈಯೋಣ, ನಾನೂ ಸೇರಿಕೊಳ್ಳುತ್ತೇನೆ. ಆದರೆ ದುಡ್ಡು ಸೀಟಿನವರೆಗೆ ಕರೆದುಕೊಂಡು ಹೋಗುತ್ತೆ, ಸೇಂಟ್ ಡೆವೋಟ್ ದಾಟಿಸುವುದಿಲ್ಲ. ಅವತ್ತು ಅವನ ಹಿಂದೆ ಇದ್ದವರೂ ಬಡವರ ಮಕ್ಕಳೇನಲ್ಲ.

ಇನ್ನು ಆ ಕಡೆಯವರಿಗೂ ಎರಡು ಮಾತು. ಅವತ್ತು ನನ್ನ ಮೊಬೈಲಿಗೆ ಬಂದ ಸಂದೇಶಗಳಲ್ಲಿ ಅರ್ಧದಷ್ಟು "ಮೊನಾಕೊ ಗ್ರಾಂಪ್ರಿ ಗೆದ್ದ ಭಾರತೀಯ" ಅಂತಿದ್ದವು. ಅದು ಗ್ರಾಂಪ್ರಿ ಅಲ್ಲ. ಕಿರಿಯರ ರೇಸು, ಅದರಲ್ಲೂ ಚಿಕ್ಕ ರೇಸು. ಆ ವರ್ಷ ಒಟ್ಟು ಪಟ್ಟಿಯಲ್ಲಿ ಕುಶ್ ಮೊದಲ ಹತ್ತರಲ್ಲೂ ಇರಲಿಲ್ಲ. ಗೆದ್ದ ದಿನ ಅವನನ್ನು ಫಾರ್ಮುಲಾ 1 ಚಾಂಪಿಯನ್ ಮಾಡಿದವರೇ ಮುಂದಿನ ವಾರ ಅವನ ಹೆಸರು ಮರೆತರು. ಇಲ್ಲದ ಕಿರೀಟ ತೊಡಿಸುವುದೂ, ಇರುವ ಹೂಮಾಲೆ ಕಿತ್ತುಕೊಳ್ಳುವುದೂ ಒಂದೇ ರೋಗ. ಅವನು ನಿಜವಾಗಿ ಏನು ಮಾಡಿದ ಅಂತ ನೋಡುವ ತಾಳ್ಮೆ ಇಬ್ಬರಿಗೂ ಇಲ್ಲ.

ನನಗೆ ಸಿಟ್ಟು ಬರುವುದು ಯಾಕೆ ಗೊತ್ತಾ? ಇದು ಬರೀ ರೇಸಿನ ಕಥೆಯಲ್ಲ. ಪಕ್ಕದ ಮನೆ ಹುಡುಗಿ ಸಿಇಟಿ ಸೀಟು ತಗೊಂಡರೆ "ಈ ಸಲ ಪೇಪರ್ ಸುಲಭ ಇತ್ತು" ಅಂತೀವಿ. ಹುಡುಗ ತಾಲ್ಲೂಕು ಮಟ್ಟದಲ್ಲಿ ಓಡಿ ಗೆದ್ದರೆ "ಜೊತೆಗೆ ಓಡಿದವರು ಯಾರು?" ಅಂತ ಕೇಳ್ತೀವಿ. ಚಿಕ್ಕ ಗೆಲುವನ್ನು ಚಿಕ್ಕ ಗೆಲುವಾಗಿಯೇ ಒಪ್ಪಿಕೊಂಡು, ಬೆನ್ನು ತಟ್ಟಿ, ಸುಮ್ಮನಿರುವುದು ನಮಗೆ ಯಾಕಿಷ್ಟು ಕಷ್ಟ?

ಅವತ್ತು ಮೊನಾಕೊದಲ್ಲಿ ಜನಗಣಮನ ಮೊಳಗಿತು. ಹತ್ತು ಅಂಕದ ರೇಸಿಗೆ, ಹತ್ತು ಅಂಕಕ್ಕೆ ತಕ್ಕಷ್ಟು. ಅಷ್ಟನ್ನು ಮಾತ್ರ ಅವನಿಗೆ ಬಿಡಿ ಅಂತ ನಾನು ಕೇಳುತ್ತಿರುವುದು. ಕ್ಯಾಂಟೀನಿನ ಮಹಾನುಭಾವರಿಗೂ ನಾಳೆ ಇದನ್ನೇ ಹೇಳುವವನಿದ್ದೇನೆ, ಕಾಫಿ ನನ್ನ ಲೆಕ್ಕದಲ್ಲೇ.

ನೀವೇನಂತೀರಿ?