ಪರಿಸರ ಕ್ಷೇತ್ರದಲ್ಲಿ ಉದ್ಯೋಗ ಮತ್ತು ಸೇವೆ: ಹಿನ್ನೀರಿನ ದಂಡೆಯವರು ತಿಳಿಯಬೇಕಾದದ್ದು

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ನಮ್ಮ ಅನಗವಾಡಿ ಸೇತುವೆ ದಾಟುವವರು ಘಟಪ್ರಭೆಯ ಅಗಲ ನೋಡಿ ಬೆರಗಾಗುತ್ತಾರೆ. ಅದು ಬರೀ ಹೊಳೆಯ ನೀರಲ್ಲ, ಆಲಮಟ್ಟಿ ಜಲಾಶಯದ ಹಿನ್ನೀರು. ಈ ನೀರು ಇನ್ನೂ ಮೇಲೇರುವ ಮಾತು ಈಗ ಹತ್ತಿರ ಬಂದಿದೆ. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲಿಯೇ ಒಪ್ಪಿಗೆ ಕೊಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯಾಗುವ 75,563 ಎಕರೆಗೆ ಪರಿಹಾರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ.

ಅಂದಿನಿಂದ ಅಂಗಡಿ ಕಟ್ಟೆಯ ಮೇಲೆ, ಬಸದಿಯ ಅಂಗಳದಲ್ಲಿ ಎಲ್ಲಿ ಕೂತರೂ ಪರಿಹಾರದ ದರದ್ದೇ ಮಾತು. ಜಮೀನು ಕಳೆದುಕೊಳ್ಳುವವರು ದರ ಕೇಳುವುದು ನ್ಯಾಯವೇ. ಆದರೆ ವ್ಯಾಪಾರಿಯಾದ ನನಗೆ ಇನ್ನೊಂದು ಲೆಕ್ಕ ಕಾಣುತ್ತದೆ. ನೀರು ಏರಿದ ಮೇಲೆ ಮುಳುಗದೆ ಉಳಿದ ದಂಡೆಯ ಎರೆಭೂಮಿ ಎಷ್ಟು ಸವಳಾಗುತ್ತದೆ? ಕುಡಿಯುವ ನೀರಿನ ಬಾವಿ, ಬೋರ್‌ವೆಲ್ ಏನಾಗುತ್ತವೆ? ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಈ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ, ಇಲ್ಲಿಗೆ ಬರುವ ರಾಜಹಂಸಗಳಿಗೆ ಮೇಯಲು ತೆಳುನೀರಿನ ಜಾಗ ಉಳಿಯುತ್ತದೆಯೇ? ಈ ಲೆಕ್ಕ ಬರೆಯುವವರು ಯಾರು, ಅದನ್ನು ಓದಿ ತಪ್ಪಿದ್ದರೆ ತೋರಿಸುವವರು ನಮ್ಮಲ್ಲಿ ಯಾರಿದ್ದಾರೆ?

ವರದಿ ಬರೆಯುವವರು, ಓದುವವರು

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ನೀರಾವರಿ, ಗಣಿ, ಕಾರ್ಖಾನೆ ಯೋಜನೆಗಳಿಗೆ ಮೊದಲು ಪರಿಸರ ಪರಿಣಾಮದ ವರದಿ ಆಗಬೇಕು. ಜನರ ಅಹವಾಲು ಕೇಳುವ ಸಭೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ. ಜಿಲ್ಲಾಧಿಕಾರಿಗಳು ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ. ಕನಿಷ್ಠ 30 ದಿನ ಮೊದಲು ತಿಳಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲಿಯೂ ಸಿಗಬೇಕು. ಪೂರ್ತಿ ವರದಿ ಮಾತ್ರ ನೂರಾರು ಪುಟದ್ದು. ಅದರಲ್ಲಿ ಮಣ್ಣು, ನೀರು, ಗಾಳಿ, ಜೀವವೈವಿಧ್ಯ ಎಂದು ಬೇರೆಬೇರೆ ಅಧ್ಯಾಯಗಳು, ಒಂದೊಂದಕ್ಕೆ ಒಬ್ಬೊಬ್ಬ ತಜ್ಞ. ಈ ವರದಿಗಳನ್ನು ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳೇ ಬರೆಯಬೇಕು.

ನಮ್ಮ ಸಭೆಗಳಲ್ಲಿ ಆಗುವುದೇನು? ಹಿರಿಯರು ಎದ್ದು ಸಿಟ್ಟಿನಿಂದ ನಾಲ್ಕು ಮಾತಾಡುತ್ತಾರೆ, ಅಧಿಕಾರಿಗಳು ಬರೆದುಕೊಳ್ಳುತ್ತಾರೆ, ಸಭೆ ಮುಗಿಯುತ್ತದೆ. ಇಂಥ ಪುಟದ ಇಂಥ ಅಂಕಿ ತಪ್ಪು ಎಂದು ಹೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಹಾಗೆ ಹೇಳಬಲ್ಲ ನಮ್ಮೂರ ಹುಡುಗ, ಹುಡುಗಿ ಬೇಕು. ನಮ್ಮ ಮನೆಗಳಲ್ಲಿ ಸಿಎ ಇದ್ದಾರೆ, ಇಂಜಿನಿಯರ್ ಇದ್ದಾರೆ, ಡಾಕ್ಟರ್ ಇದ್ದಾರೆ. ಪರಿಸರ ವಿಜ್ಞಾನ ಓದಿದವರನ್ನು ಹುಡುಕಬೇಕು.

ಯಾವ ಓದಿಗೆ ಯಾವ ಕೆಲಸ

ಎಸ್ಸೆಸ್ಸೆಲ್ಸಿ ಆದವರಿಗೆ ಅರಣ್ಯ ಇಲಾಖೆಯಲ್ಲಿ ಅರಣ್ಯ ವೀಕ್ಷಕ, ಪಿಯುಸಿ ಆದವರಿಗೆ ಗಸ್ತು ಅರಣ್ಯ ಪಾಲಕ ಹುದ್ದೆಗಳಿವೆ. 2023ರಲ್ಲಿ 540 ಗಸ್ತು ಅರಣ್ಯ ಪಾಲಕರ ಹುದ್ದೆಗಳಿಗೆ ಅರ್ಜಿ ಕರೆದಿದ್ದರು. ದೈಹಿಕ ಪರೀಕ್ಷೆ ಇರುತ್ತದೆ, ಓಟ ಅಭ್ಯಾಸ ಮಾಡಿರಬೇಕು. ಪದವಿ ಆದವರಿಗೆ ವಲಯ ಅರಣ್ಯಾಧಿಕಾರಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಹುದ್ದೆಗಳು, ಯುಪಿಎಸ್‌ಸಿ ಮೂಲಕ ಭಾರತೀಯ ಅರಣ್ಯ ಸೇವೆ ಇವೆ. ಅರಣ್ಯಶಾಸ್ತ್ರ ಓದಬೇಕೆಂದರೆ ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ. ಕೃಷಿ ಸಂಬಂಧದ ಈ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇರುವುದನ್ನು ನಮ್ಮ ಒಕ್ಕಲುತನದ ಕುಟುಂಬಗಳು ಮರೆಯಬಾರದು.

ಅರಣ್ಯ ಎಂದರೆ ಮಲೆನಾಡೇ ಎಂದು ತಿಳಿಯಬೇಡಿ. ನಮ್ಮ ಬೀಳಗಿ, ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ 2016ರಲ್ಲಿ ಘೋಷಣೆಯಾಯಿತು. ಸುಮಾರು 96 ಚದರ ಕಿಲೋಮೀಟರ್ ಕುರುಚಲು ಕಾಡು. ಅಲ್ಲಿಯೂ ಕೆಲಸ ಮಾಡುವವರು ಬೇಕು.

ಇನ್ನೊಂದು ದಾರಿ ಸಕ್ಕರೆಯದು. ನಮ್ಮ ಜಿಲ್ಲೆಯಲ್ಲಿ ಹತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ, ಎಥೆನಾಲ್ ಬಂದ ಮೇಲೆ ಡಿಸ್ಟಿಲರಿಗಳೂ ಬೆಳೆದಿವೆ. ಸಕ್ಕರೆ, ಡಿಸ್ಟಿಲರಿ ಎರಡೂ ಹೆಚ್ಚು ಮಾಲಿನ್ಯದ 17 ಬಗೆಯ ಉದ್ದಿಮೆಗಳ ಪಟ್ಟಿಯಲ್ಲಿವೆ. ಹೊರಬಿಡುವ ನೀರು, ಹೊಗೆಯ ಅಳತೆಯನ್ನು ಯಂತ್ರದ ಮೂಲಕ ಆನ್‌ಲೈನ್‌ನಲ್ಲಿ ಮಂಡಳಿಗೆ ಕಳಿಸುತ್ತಿರಬೇಕೆಂದು ಕೇಂದ್ರ ಮಂಡಳಿ 2014ರಲ್ಲಿಯೇ ಸೂಚಿಸಿದೆ. ಆದ್ದರಿಂದ ಲ್ಯಾಬ್ ಕೆಮಿಸ್ಟ್, ನೀರು ಶುದ್ಧೀಕರಣ ಘಟಕದ ಆಪರೇಟರ್, ಪರಿಸರ ಅಧಿಕಾರಿ ಇವರಿಲ್ಲದೆ ಕಾರ್ಖಾನೆ ನಡೆಯುವಂತಿಲ್ಲ. ಬಿಎಸ್ಸಿ ರಸಾಯನಶಾಸ್ತ್ರ ಓದಿದ ಹುಡುಗಿಗೆ ಊರ ಹತ್ತಿರವೇ ಸಿಗಬಹುದಾದ ಕೆಲಸ ಇದು. ಕಬ್ಬಿನ ದುಡ್ಡಿನಿಂದ ನಮ್ಮ ಪೇಟೆ ನಡೆಯುತ್ತದೆ. ಹೊಳೆಯ ನೀರನ್ನು ನಾವೇ ಕುಡಿಯುತ್ತೇವೆ. ಈ ಕೆಲಸವನ್ನು ಮನಸ್ಸಿಟ್ಟು ಮಾಡುವವರು ನಮ್ಮವರೇ ಆದರೆ ಎರಡಕ್ಕೂ ಒಳ್ಳೆಯದು.

ಅರ್ಜಿ ಹಾಕುವವರು ನೆನಪಿಡಿ: ರಾಜ್ಯದ ಮೀಸಲಾತಿ ಪಟ್ಟಿಯಲ್ಲಿ ದಿಗಂಬರ ಜೈನರು 3ಬಿ ಪ್ರವರ್ಗದಲ್ಲಿದ್ದಾರೆ. 2014ರಿಂದ ಜೈನರು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೂ ಹೌದು. ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಕೊನೆಯ ದಿನ ಓಡಾಡಿದರೆ ಆಗುವುದಿಲ್ಲ.

ಪಾಲಕರಿಗೆ ನೇರವಾಗಿ ಹೇಳಬೇಕಾದ ಮಾತೂ ಇದೆ. ಸರಕಾರಿ ಹುದ್ದೆಗಳಿಗೆ ಅರ್ಜಿ ಕರೆಯುವುದು ವರ್ಷ ವರ್ಷವೂ ಅಲ್ಲ. ಹುದ್ದೆಗಳು ಖಾಲಿ ಬಿದ್ದಿರುತ್ತವೆ, ಕೆಲಸ ಹೊರಗುತ್ತಿಗೆಯ ಮೇಲೆ ನಡೆಯುತ್ತದೆ. ದೆಹಲಿ ಸುತ್ತಲಿನ ರಾಜ್ಯಗಳ ಮಾಲಿನ್ಯ ನಿಯಂತ್ರಣ ಮಂಡಳಿಗಳಲ್ಲಿ ಖಾಲಿ ಹುದ್ದೆ ತುಂಬಿರೆಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆದ್ದರಿಂದ ಇದೊಂದನ್ನೇ ನಂಬಿ ಕೂರಬಾರದು. ಓದಿನ ಜೊತೆಗೆ ಲ್ಯಾಬ್ ಕೆಲಸ, ನಕ್ಷೆ ತಯಾರಿಸುವ ಕಂಪ್ಯೂಟರ್ ವಿದ್ಯೆ ಕಲಿತವರು ಖಾಲಿ ಕೂರುವುದು ಕಡಿಮೆ.

ಸಂಬಳವಿಲ್ಲದ, ಆದರೆ ಅಧಿಕಾರವಿರುವ ಸೇವೆ

ನಾವು ಸೇವೆ ಎಂದರೆ ಗಿಡ ನೆಡುವುದು, ಫೋಟೋ ತೆಗೆಸುವುದು ಎಂದುಕೊಂಡಿದ್ದೇವೆ. ಕಾನೂನು ಅದಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಬೀಜ, ಮೀನು, ಹಕ್ಕಿ, ನಾಟಿ ಔಷಧಿಯ ತಿಳಿವಳಿಕೆ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ದೇಶದ ತುಂಬ ಇದು ಹಿಂದೆ ಬಿದ್ದದ್ದಕ್ಕೆ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತ್ತು. ಅವಸರದಲ್ಲಿ ತುಂಬಿದ ದಾಖಲೆ ಹೇಗಿರುತ್ತದೆ ಎಂದು ಕಿರ್ದಿ ಬರೆದವರಿಗೆ ಹೇಳಬೇಕಿಲ್ಲ. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ಕೇಳಿ ನೋಡಿ. ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಎಂದು ಕೇಳಿ.

ಹಕ್ಕಿ ಎಣಿಕೆಯೂ ಅಷ್ಟೇ ಮುಖ್ಯ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರಿಂದಲೇ ನಡೆಯುತ್ತಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿಗೂ ಇದೇ ಪಟ್ಟೆತಲೆ ಹೆಬ್ಬಾತು ಬರುತ್ತದೆ. ವರ್ಷ ವರ್ಷದ ಎಣಿಕೆ ಕೈಯಲ್ಲಿದ್ದರೆ ಅಂಥ ಮಾನ್ಯತೆ ಕೇಳುವುದಕ್ಕೆ ಆಧಾರ ಇರುತ್ತದೆ. ಹೆರಕಲ್, ಚಿಕ್ಕಸಂಗಮ, ಅನಗವಾಡಿಯ ಹಿನ್ನೀರಿನಲ್ಲಿ ನಾಲ್ಕು ಹುಡುಗರು ದುರ್ಬೀನು ಹಿಡಿದು ಎಣಿಸಿದ ಲೆಕ್ಕ ಮುಂದೆ ಅಹವಾಲು ಸಭೆಯಲ್ಲಿ ಸಾಕ್ಷಿಯಾಗುತ್ತದೆ. ನೀರು ಏರಿದ ಮೇಲೆ ಮೊದಲು ಏನಿತ್ತು ಎಂದು ಬರೆಯಲಾಗುವುದಿಲ್ಲ.

ಸಮಾಜ ಮಾಡಬೇಕಾದದ್ದು

ಚಾತುರ್ಮಾಸದಲ್ಲಿ ಹುಳುಹುಪ್ಪಟೆ ತುಳಿಯಬಾರದೆಂದು ನಮ್ಮ ಮುನಿಗಳು ಒಂದೇ ಕಡೆ ನಿಲ್ಲುತ್ತಾರೆ. ನೀರನ್ನು ಸೋಸಿ ಕುಡಿಯುವುದು ನಮ್ಮ ಮನೆಗಳ ರೂಢಿ. ಅದೇ ಕಾಳಜಿ ಹೊಳೆಗೂ ಸಲ್ಲಬೇಕು. ಸಮಾಜದ ವಿದ್ಯಾನಿಧಿಗಳು ವರ್ಷಕ್ಕೆ ಒಂದೆರಡು ವಿದ್ಯಾರ್ಥಿವೇತನವನ್ನಾದರೂ ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ, ಮಣ್ಣುಶಾಸ್ತ್ರ ಓದುವವರಿಗೆ ಮೀಸಲಿಡಲಿ. ನಮ್ಮ ಯುವಕ ಸಂಘ, ಮಹಿಳಾ ಮಂಡಳಗಳಿಂದ ಆಸಕ್ತಿ ಇರುವವರ ಹೆಸರನ್ನು ಪಂಚಾಯತಿಯ ಜೀವವೈವಿಧ್ಯ ಸಮಿತಿಗೆ ಸೂಚಿಸಲಿ. ಮುಂದಿನ ಜನವರಿಯ ಗಣತಿಗೆ ಈಗಲೇ ಒಂದು ತಂಡ ಕಟ್ಟಲಿ.

ಪರಿಹಾರದ ಹಣ ಬಂದಾಗ ಮನೆ ಕಟ್ಟುತ್ತೇವೆ, ಬೇರೆ ಕಡೆ ಹೊಲ ಕೊಳ್ಳುತ್ತೇವೆ. ಅದರಲ್ಲಿ ಸ್ವಲ್ಪ ಭಾಗ ಈ ನೀರು, ಮಣ್ಣಿನ ಲೆಕ್ಕ ಬಲ್ಲ ಒಂದು ಮಗುವನ್ನು ಓದಿಸಲು ಹೋದರೆ ಮುಂದಿನ ಸಭೆಯಲ್ಲಿ ನಮ್ಮ ಪರವಾಗಿ ಮಾತಾಡುವವರು ನಮ್ಮ ಮನೆಯವರೇ ಆಗಿರುತ್ತಾರೆ.