ನೀವೂ ಒಬ್ಬ ಮಾಲಕಿ



ಮಾಲಕರು ಎಂದೊಡನೆ ನಿಮಗೆ ಯಾರ ನೆನಪಾಗುತ್ತದೆ? ಕಾರ್ಖಾನೆಯ ಯಜಮಾನರು, ಬೀಡಿ ಕಂಪೆನಿಯ ಧಣಿಗಳು, ಬಟ್ಟೆ ಅಂಗಡಿಯ ಸಾಹುಕಾರರು. ನಿಮ್ಮದೇ ನೆನಪು ಮಾತ್ರ ಆಗುವುದಿಲ್ಲ. ಆದರೆ ಬೆಳಿಗ್ಗೆ ಬಂದು ಪಾತ್ರೆ ತೊಳೆದು, ನೆಲ ಒರೆಸಿ ಹೋಗುವಾಕೆಗೆ ತಿಂಗಳ ಕೊನೆಯಲ್ಲಿ ಸಂಬಳ ಎಣಿಸಿ ಕೊಡುವವರು ನೀವೇ ಅಲ್ಲವೇ? ಹಾಗಿದ್ದರೆ ನೀವೂ ಮಾಲಕಿಯೇ.

ನಮ್ಮ ದೇಶದಲ್ಲಿ ದುಡಿಮೆಯ ಕಾನೂನು ಬದಲಾಗುವಾಗ ಮಾಲಕರ ಮಾತನ್ನೂ ಕೇಳುವ ಕ್ರಮವಿದೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲಿ ಇದಕ್ಕೆ ಎರಡು ದಾರಿಗಳಿದ್ದವು. ಮಾಲಕರು ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರುವ ಸಮಿತಿಯನ್ನು ರಚಿಸುವುದು ಒಂದು. ಕರಡನ್ನು ಪ್ರಕಟಿಸಿ ಆಕ್ಷೇಪ ಸಲ್ಲಿಸಲು ಕನಿಷ್ಠ ಎರಡು ತಿಂಗಳ ಕಾಲಾವಕಾಶ ಕೊಡುವುದು ಇನ್ನೊಂದು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಇದೇ ಕ್ರಮವನ್ನು ಉಳಿಸಿಕೊಂಡಿದೆ.

ದೊಡ್ಡ ಉದ್ಯಮಗಳಿಗೆ ಸಂಘಗಳಿವೆ, ವಕೀಲರಿದ್ದಾರೆ. ಅವರ ಮಾತಿಗೆ ಎಷ್ಟು ಬಲವಿದೆಯೆಂದು 2024ರ ಜುಲೈಯಲ್ಲಿ ನಾವೇ ಕಂಡೆವು. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ವಿಧೇಯಕಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಉದ್ಯಮಿಗಳು ಆಕ್ಷೇಪವೆತ್ತಿದರು. ಕೆಲವೇ ದಿನಗಳಲ್ಲಿ ಸರಕಾರ ಅದನ್ನು ತಡೆಹಿಡಿಯಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಮಾಲಕರು ಮಾತಾಡಿದರೆ ಸರಕಾರ ಕಿವಿಗೊಡುತ್ತದೆ ಎಂಬುದಂತೂ ನಿಜ.

ಈಗ ನಮ್ಮ ಅಡುಗೆ ಮನೆಗೆ ಬನ್ನಿ. ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಅದು 2004ರಲ್ಲಿ. ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆ? 2025ರ ಅಕ್ಟೋಬರ್‌ನಲ್ಲಿ ಸರಕಾರ ಗೃಹ ಕಾರ್ಮಿಕರ ಸಾಮಾಜಿಕ ಭದ್ರತೆಯ ಕರಡು ವಿಧೇಯಕವನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೆಲಸದವರ ನೋಂದಣಿ, ಸಂಬಳದ ಶೇಕಡಾ 5ರವರೆಗೆ ಮಾಲಕರಿಂದ ಕಲ್ಯಾಣ ಶುಲ್ಕ, ಇವೆಲ್ಲ ಅದರಲ್ಲಿದ್ದವು.

ಇಂತಹ ಸುದ್ದಿ ಬಂದಾಗ ನಾವು ಏನು ಮಾಡುತ್ತೇವೆ? "ಇನ್ನು ಇವರನ್ನು ಹಿಡಿಯುವಂತಿಲ್ಲ" ಎಂದು ಗೊಣಗಿ ಸುಮ್ಮನಾಗುತ್ತೇವೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 4,000 ರೂಪಾಯಿ ಕೊಡುವ ಮನೆಗೆ ಶೇಕಡಾ 5 ಎಂದರೆ 200 ರೂಪಾಯಿ. ಮಕ್ಕಳ ಒಂದು ಸಂಜೆಯ ಐಸ್‌ಕ್ರೀಮಿಗೆ ಅಷ್ಟು ಖರ್ಚಾಗುತ್ತದೆ.

ನಮ್ಮ ಕಷ್ಟಗಳನ್ನು ಹೇಳಬಾರದೆಂದಲ್ಲ. ಆಕೆ ನಾಲ್ಕು ಮನೆಗಳಲ್ಲಿ ದುಡಿಯುವವಳಾದರೆ ಯಾರ ಪಾಲು ಎಷ್ಟು? ಕಡಿಮೆ ವರಮಾನದ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಜನ ಇಟ್ಟುಕೊಂಡವರು ಏನು ಮಾಡಬೇಕು? ಇವು ನ್ಯಾಯವಾದ ಪ್ರಶ್ನೆಗಳು. ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಇವು ಹೊಳೆಯಲಾರವು. ಮನೆ ನಡೆಸುವವರೇ ಬರೆದು ತಿಳಿಸಬೇಕು.

ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಹೀಗೆಯೇ ಆಯಿತು. 2006ರಲ್ಲಿ ಅಲ್ಲಿ ಮನೆಗೆಲಸದವರಿಗಾಗಿ ಕಾನೂನು ಬಂತು. 2008ರಲ್ಲಿ ಸಂಬಳ ನಿಗದಿಪಡಿಸುವ ಮಂಡಳಿಯಲ್ಲಿ ಮಾಲಕರ ಪರವಾಗಿ ಕುಳಿತದ್ದು ಗೃಹಿಣಿಯರ ಸಂಘ. ಎದುರಿಗೆ ಮನೆಗೆಲಸದವರ ಸಂಘ, ಜೊತೆಗೆ ಸರಕಾರ. ಮೂವರೂ ಮಾತಾಡಿ ಒಪ್ಪಂದಕ್ಕೆ ಬಂದರು. ಗೃಹ ಕಾರ್ಮಿಕರ ಹಕ್ಕುಗಳ ಬಗ್ಗೆ 2011ರಲ್ಲಿ ಆದ ಅಂತಾರಾಷ್ಟ್ರೀಯ ಒಡಂಬಡಿಕೆಯನ್ನು ಮೊದಲು ಅನುಮೋದಿಸಿದ ದೇಶವೂ ಅದೇ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಗಲ್ಫ್‌ನಲ್ಲಿರುವ ಮಗನಿಗೆ ಕಫೀಲ್ ಎರಡು ತಿಂಗಳು ಸಂಬಳ ಕೊಡದಿದ್ದರೆ ನಮ್ಮ ಕರುಳು ಹಿಂಡುತ್ತದೆ. ವಾರದ ರಜೆ ಕೊಡದಿದ್ದರೆ ಅಲ್ಲಿ ಕಾನೂನೇ ಇಲ್ಲವೇ ಎಂದು ಕೇಳುತ್ತೇವೆ. ನಮ್ಮ ಮನೆಯ ಕೆಲಸದಾಕೆಗೆ ನಾವೇ ಕಫೀಲ್ ಎಂಬುದನ್ನು ಮಾತ್ರ ಮರೆಯುತ್ತೇವೆ.

ದುಡಿದವನ ಬೆವರು ಆರುವ ಮೊದಲೇ ಕೂಲಿ ಸಲ್ಲಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದ್ದಾರೆ. ಪಡೆಯುವಾಗ ತುಂಬ ಅಳೆದು, ಕೊಡುವಾಗ ಕಡಿಮೆ ಅಳೆಯುವವರಿಗೆ ಪವಿತ್ರ ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯದಲ್ಲಿ ಕಠಿಣ ಎಚ್ಚರಿಕೆಯಿದೆ. ಅದು ಅಂಗಡಿಯ ತಕ್ಕಡಿಗೆ ಮಾತ್ರ ಹೇಳಿದ ಮಾತೆಂದು ತಿಳಿಯಬೇಡಿ. ಆಕೆಯಿಂದ ಪಡೆಯುವ ದುಡಿಮೆ ಮತ್ತು ಆಕೆಗೆ ಕೊಡುವ ಸಂಬಳಕ್ಕೂ ಅದು ಸಲ್ಲುತ್ತದೆ.

ಮುಂದೆ ಇಂತಹ ಕರಡು ಪ್ರಕಟವಾದಾಗ ಪತ್ರಿಕೆಯನ್ನು ಮಡಚಿಡಬೇಡಿ. ನಿಮ್ಮ ಮನೆಗೆ ಬರುವಾಕೆಗೆ ಅದನ್ನು ಓದಿ ಹೇಳಿ. ಆಕೆಗೇನು ಬೇಕೆಂದು ಕೇಳಿ. ಆ ಬಳಿಕ ನಿಮ್ಮ ಕಷ್ಟವನ್ನೂ ಆಕೆಯ ಕಷ್ಟವನ್ನೂ ಒಂದೇ ಕಾಗದದಲ್ಲಿ ಬರೆದು ಕಾರ್ಮಿಕ ಇಲಾಖೆಗೆ ಕಳುಹಿಸಿ. ಸಂಘಗಳು ತಮ್ಮ ಲಾಭಕ್ಕಾಗಿ ಬರೆಯುತ್ತವೆ. ಒಬ್ಬ ವಿಶ್ವಾಸಿನಿ ನ್ಯಾಯಕ್ಕಾಗಿ ಬರೆಯಲಿ.

ಅಂದ ಹಾಗೆ, ಈ ತಿಂಗಳ ಸಂಬಳ ಕೊಟ್ಟಾಯಿತೇ?