ಹತ್ತನೆಯ ವಚನಕ್ಕೆ ಮೊದಲು ಐದನೆಯದು

ಅಕ್ಟೋಬರ್ ಸಂಚಿಕೆಯಲ್ಲಿ ಯೆರೆಮೀಯನ ಗ್ರಂಥದ 29ನೇ ಅಧ್ಯಾಯದ ಬಗ್ಗೆ ನಾವು ಪ್ರಕಟಿಸಿದ ಲೇಖನ ಹಲವರ ಕಣ್ಣು ಕೆಂಪಾಗಿಸಿದೆ. ಹೊಸ ವರ್ಷದ ವಾಗ್ದಾನ ಕಾರ್ಡುಗಳ ಮೇಲೆ ತಪ್ಪದೆ ಅಚ್ಚಾಗುವ, ಒಳ್ಳೆಯ ಭವಿಷ್ಯದ ನಿರೀಕ್ಷೆ ಕೊಡುವ ಅಲ್ಲಿನ ಹನ್ನೊಂದನೆಯ ವಚನ ಯಾರಿಗೆ, ಎಂಥ ಹೊತ್ತಿನಲ್ಲಿ ಬರೆದದ್ದು ಎಂದು ಲೇಖಕರು ಕೇಳಿದ್ದರು, ಅಷ್ಟೆ. ಅದಕ್ಕೆ ನಮ್ಮ ವಿಶ್ವಾಸವನ್ನೇ ಅನುಮಾನಿಸುವ ಕಾಗದಗಳು ಬಂದವು. ಸಹೋದರ ಪತ್ರಿಕೆಯೊಂದು ಎರಡು ಪುಟ ಮೀಸಲಿಟ್ಟು, ಹೆಬ್ಬಗೋಡಿಯ ಕೆಲವರು ಪಾಂಡಿತ್ಯದ ಹುಚ್ಚಿಗೆ ಬಿದ್ದು ಬಡವರ ಸಮಾಧಾನ ಕಸಿಯುತ್ತಿದ್ದಾರೆಂದು ಬರೆಯಿತು. ಬಡವರ ಹೆಸರು ಎತ್ತಿರುವುದರಿಂದ ಸುಮ್ಮನಿರಲು ನಮಗೆ ಮನಸ್ಸಿಲ್ಲ.

ಆ ಅಧ್ಯಾಯ ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ದೊರೆ ಯೆರೂಸಲೇಮಿನ ಅರಸನನ್ನೂ ರಾಜಮಾತೆಯನ್ನೂ ಕುಶಲಕರ್ಮಿಗಳನ್ನೂ ಹಿಡಿದೊಯ್ದ ಮೇಲೆ, ಊರಲ್ಲೇ ಉಳಿದ ಯೆರೆಮೀಯ ಸೆರೆಹೋದವರಿಗೆ ಬರೆದದ್ದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಹಿಡಿದು ತಂದ ಆ ಊರಿನ ಒಳಿತಿಗಾಗಿಯೇ ಪ್ರಾರ್ಥಿಸಿ ಎನ್ನುತ್ತಾನೆ. ಬಿಡುಗಡೆಗೆ ಎಪ್ಪತ್ತು ವರ್ಷ ಆಗಬೇಕು ಎನ್ನುತ್ತಾನೆ. ಎಂದರೆ ಕಾಗದ ಕೈಗೆ ಬಂದ ದೊಡ್ಡವರೆಲ್ಲ ಬಹುಪಾಲು ಅಲ್ಲೇ ಮಣ್ಣಾಗುವವರು. ಇಷ್ಟನ್ನೂ ಹೇಳಿದ ಮೇಲೆ ಬರುವುದು ಕಾರ್ಡಿನ ಮೇಲಿನ ಹನ್ನೊಂದನೆಯ ವಚನ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಜನರೆದುರು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆಂದು ಘೋಷಿಸಿದ್ದ; ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗ ತೆಗೆದು ಮುರಿದಿದ್ದ. ಯೆರೆಮೀಯ ಮೊದಲು ಆಮೆನ್ ಅಂದ, ಹಾಗೇ ಆಗಲಿ ಅಂದ. ಅವನಿಗೂ ಅದೇ ಆಸೆಯಿತ್ತು. ಆಮೇಲೆ, ಮರದ ನೊಗ ಮುರಿದ ಜಾಗಕ್ಕೆ ಕಬ್ಬಿಣದ್ದು ಬರುತ್ತದೆ ಎಂದು ಹೇಳಬೇಕಾಯಿತು. ಹನನ್ಯ ಆ ವರ್ಷವೇ ಸತ್ತ.

ವರ್ಷದೊಳಗೆ ಸಾಲ ತೀರುತ್ತದೆ, ಪ್ರಮೋಷನ್ ಬರುತ್ತದೆ, ವೀಸಾ ಸಿಗುತ್ತದೆ ಎಂದು ಹೇಳಿ ಕೆಳಗೆ ಯೆರೆಮೀಯನ ಹೆಸರು ಹಾಕುವ ಕಾರ್ಡಿನಲ್ಲಿ ಮಾತಾಡುತ್ತಿರುವವನು ಹನನ್ಯ. ಇದು ನಮ್ಮ ನಿಲುವು, ಇದನ್ನು ನಾವು ಹಿಂತೆಗೆದುಕೊಳ್ಳುವುದಿಲ್ಲ. ರಾಯಚೂರಿನಿಂದ, ಕಲಬುರಗಿಯಿಂದ, ಧರ್ಮಪುರಿಯಿಂದ, ಒಡಿಶಾ, ಜಾರ್ಖಂಡಿನಿಂದ ಬಂದು ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಲ್ಲಿ ಗುತ್ತಿಗೆಗೆ ದುಡಿದು, ಹೆಬ್ಬಗೋಡಿಯ ಒಂಟಿ ಕೋಣೆಗಳಲ್ಲಿ ಬಾಡಿಗೆಗಿರುವ ವಿಶ್ವಾಸಿಗೆ ಆ ಕಾಗದ ಪೂರ್ತಿ ಬೇಕು. ತನ್ನದಲ್ಲದ ಊರಲ್ಲಿ ಬೇರೂರುವುದು ಹೇಗೆ, ವಾಪಸ್ ಹೋಗುವ ದಿನ ಕಾಣದಿರುವಾಗ ದೇವರನ್ನು ನಂಬುವುದು ಹೇಗೆ ಎಂಬುದೇ ಅಲ್ಲಿನ ಮಾತು. ಅವನ ಸಮಾಧಾನವನ್ನು ಕಸಿದವರು ಕಾಗದದಿಂದ ಒಂದೇ ವಾಕ್ಯ ಕತ್ತರಿಸಿ ಕೊಟ್ಟವರು.

ಇದಕ್ಕಿಂತ ನನ್ನನ್ನು ಹೆಚ್ಚು ಕೆರಳಿಸುವುದು ಮಲಾಕಿಯ. ಮೂರನೆಯ ಅಧ್ಯಾಯದ ಹತ್ತನೆಯ ವಚನ ಗೊತ್ತಿಲ್ಲದ ವಿಶ್ವಾಸಿ ನಮ್ಮ ಕಡೆ ಸಿಗಲಾರ. ದಶಮಾಂಶವನ್ನು ಭಂಡಾರಕ್ಕೆ ತನ್ನಿ, ಆಕಾಶದ ದ್ವಾರ ತೆರೆಯುತ್ತದೋ ಇಲ್ಲವೋ ನೋಡಿ ಎಂಬುದು ಅದರ ತಾತ್ಪರ್ಯ. ಕಾಣಿಕೆ ಎತ್ತುವ ಮೊದಲು ಎಷ್ಟು ಕಡೆ ಅದನ್ನು ಓದುತ್ತಾರೆ! ಅದೇ ಅಧ್ಯಾಯದಲ್ಲಿ ಐದು ವಚನ ಹಿಂದಕ್ಕೆ ಹೋಗಿ. ಅಲ್ಲಿ ದೇವರು ನ್ಯಾಯತೀರ್ಪಿಗೆ ಬರುತ್ತಾನೆ. ಆರೋಪಿಗಳ ಸಾಲಿನಲ್ಲಿ ಮಾಟಗಾರರು, ವ್ಯಭಿಚಾರಿಗಳು, ಸುಳ್ಳುಸಾಕ್ಷಿಗಳ ಪಕ್ಕದಲ್ಲೇ ಕೂಲಿಯವನ ಕೂಲಿ ಹಿಡಿದುಕೊಂಡವರು, ವಿಧವೆಯನ್ನೂ ಅನಾಥನನ್ನೂ ಹಿಂಸಿಸಿದವರು, ಪರದೇಶಿಯ ನ್ಯಾಯ ತಪ್ಪಿಸಿದವರು ನಿಂತಿದ್ದಾರೆ. ಈ ಐದನೆಯ ವಚನದ ಮೇಲೆ ನಾನು ಈ ತನಕ ಒಂದು ಪ್ರಸಂಗವನ್ನೂ ಕೇಳಿಲ್ಲ. ಗುತ್ತಿಗೆದಾರ ಸಭೆಯ ಮೊದಲ ಸಾಲಲ್ಲಿ ಕುಳಿತಿರುತ್ತಾನೆ, ಅವನ ಕೂಲಿಯಾಳು ಹಿಂದೆ ಬಾಗಿಲ ಹತ್ತಿರ ನಿಂತಿರುತ್ತಾನೆ. ಇಬ್ಬರಿಗೂ ಹತ್ತನೆಯ ವಚನ ಮಾತ್ರ ಕೇಳಿಸಲಾಗುತ್ತದೆ.

ದಶಮಾಂಶ ಬೇಕೆನ್ನುವವರು ಧರ್ಮೋಪದೇಶಕಾಂಡದ 14ನೇ ಅಧ್ಯಾಯವನ್ನಾದರೂ ತೆರೆಯಬೇಕಿತ್ತು. ಮೂರು ವರ್ಷಕ್ಕೊಮ್ಮೆ ಹತ್ತರಲ್ಲೊಂದು ಪಾಲನ್ನು ನಿಮ್ಮ ಊರಲ್ಲೇ ಇಡಬೇಕು. ಭೂಮಿಯಿಲ್ಲದ ಲೇವಿಯ, ಪರದೇಶಿ, ಅನಾಥ, ವಿಧವೆ ಬಂದು ಹೊಟ್ಟೆತುಂಬ ಉಣ್ಣಬೇಕು. ಅದೇ ಪುಸ್ತಕದ 24ನೇ ಅಧ್ಯಾಯ, ಕೂಲಿಯವನು ನಿನ್ನ ಜನದವನಾಗಲಿ ಹೊರಗಿನವನಾಗಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿ ಕೊಟ್ಟುಬಿಡು ಎನ್ನುತ್ತದೆ.

ಈ ಮಾತೆತ್ತಿದರೆ ಸಿದ್ಧ ಉತ್ತರವಿದೆ: ಧರ್ಮಶಾಸ್ತ್ರ ಯೇಸುವಿನೊಂದಿಗೆ ಮುಗಿಯಿತು, ನಾವು ಕೃಪೆಯ ಅಧೀನದಲ್ಲಿದ್ದೇವೆ. ಹಾಗಿದ್ದರೆ ದಶಮಾಂಶವೂ ಮುಗಿಯಬೇಕಿತ್ತಲ್ಲ? ಅವರ ಪಾಲಿಗೆ ಮುಗಿದದ್ದು ಕೂಲಿಯ ನಿಯಮ, ಮುಗಿದದ್ದು ವಾರದ ವಿಶ್ರಾಂತಿಯ ಸಬ್ಬತ್ತು. ಎಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲಿದ್ದು ಸಬ್ಬತ್ತಿನ ಬಗ್ಗೆ ಬಾಯಿ ಮುಚ್ಚಿಕೊಂಡಿರುವ ಸಭೆ ಏನನ್ನು ಓದುತ್ತಿದೆ? 2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ಸಿನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜೂನಿನಲ್ಲಿ ರಾಜ್ಯ ಸರ್ಕಾರ ದಿನದ ದುಡಿಮೆಯನ್ನು 9 ಗಂಟೆಯಿಂದ 10ಕ್ಕೆ ಏರಿಸುವ ಪ್ರಸ್ತಾವ ಮುಂದಿಟ್ಟಿತು. ಐಟಿ ನೌಕರರ ಸಂಘದವರು ವಿರೋಧಿಸಿದರು. ನಮ್ಮ ಪ್ರಸಂಗಪೀಠಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ. ಹತ್ತು ಆಜ್ಞೆಗಳು ಎರಡು ಕಡೆ ಬರುತ್ತವೆ. ವಿಮೋಚನಕಾಂಡದಲ್ಲಿ ಸಬ್ಬತ್ತಿಗೆ ಕಾರಣ ಸೃಷ್ಟಿ: ದೇವರು ಏಳನೆಯ ದಿನ ವಿಶ್ರಮಿಸಿದ. ಧರ್ಮೋಪದೇಶಕಾಂಡದಲ್ಲಿ ಕಾರಣ ಬೇರೆ: ನೀನು ಐಗುಪ್ತದಲ್ಲಿ ದಾಸನಾಗಿದ್ದವನು, ಆದ್ದರಿಂದ ನಿನ್ನ ಆಳೂ ನಿನ್ನಂತೆಯೇ ದಣಿವಾರಿಸಿಕೊಳ್ಳಲಿ, ಎತ್ತು ಕತ್ತೆಗಳಿಗೂ ಬಿಡುವಿರಲಿ. ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದವರಿಗೆ, ಒಂದೇ ಆಜ್ಞೆಗೆ ಎರಡು ಕಾಲದ ಜನ ಎರಡು ಕಾರಣ ಕಂಡುಕೊಂಡದ್ದು ತಿಳಿಯುತ್ತದೆ. ಇದನ್ನು ವಿಮರ್ಶೆ ಎಂದು ಹೆದರುವವರಿದ್ದಾರೆ. ವಿಶ್ವಾಸ ಇಲ್ಲಿ ಎಲ್ಲಿ ಕೆಟ್ಟಿತು? ಶಿಫ್ಟಿನ ಕೆಲಸಗಾರನ ಪಾಲಿಗೆ ಅದು ಗಟ್ಟಿಯಾಯಿತು.

ನಮ್ಮ ವಿರೋಧಿಗಳು ಒಂದೇ ಕಡೆ ಇಲ್ಲ. ಪ್ರಗತಿಪರರೆನಿಸಿಕೊಂಡ ಕೆಲವು ಗೆಳೆಯರು ಹಳೆಯ ಒಡಂಬಡಿಕೆಯ ದೇವರು ಕ್ರೂರಿ, ನಮಗೆ ಪರ್ವತಪ್ರಸಂಗ ಸಾಕು ಎನ್ನುತ್ತಾರೆ. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬ ಬೋಧಕ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, ರೋಮಿನ ಸಭೆ ಆಗಲೇ ಅವನನ್ನು ಹೊರಗೆ ಕಳಿಸಿತ್ತು. ಯೆಹೋಶುವನ ಪುಸ್ತಕದ ಕೊಲೆಗಳನ್ನು ನಾವು ಸಮರ್ಥಿಸುವುದಿಲ್ಲ. ಅದನ್ನು ಓದಿದವರು ಮುಂದಿನ ಪುಟಕ್ಕೂ ಹೋಗಲಿ: ಕಾನಾನ್ಯರು ಅಳಿಯಲಿಲ್ಲ, ನಡುವೆಯೇ ಬಾಳಿದರು ಎಂದು ನ್ಯಾಯಸ್ಥಾಪಕರು ಗ್ರಂಥದ ಮೊದಲ ಅಧ್ಯಾಯವೇ ಹೇಳುತ್ತದೆ. ತನ್ನೊಳಗೇ ವಾದ ಮಾಡುವ ಗ್ರಂಥ ಅದು. ಕತ್ತರಿಯಾಡಿಸಿದರೆ ವಾದವೂ ಹೋಗುತ್ತದೆ. ಕಥೋಲಿಕ ಸಭೆಯೂ 1971ರಲ್ಲಿ ಯಾಮಪ್ರಾರ್ಥನೆಯನ್ನು ಪರಿಷ್ಕರಿಸುವಾಗ 58, 83, 109ನೇ ಕೀರ್ತನೆಗಳನ್ನು ಶಾಪವಿದೆಯೆಂದು ಕೈಬಿಟ್ಟಿತು. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ಕೈಯಲ್ಲಿ ಬೇರಾವ ಆಯುಧವೂ ಇಲ್ಲದವನು ತನ್ನ ಸಿಟ್ಟನ್ನು ದೇವರ ಮುಂದೆ ಸುರಿಯುವುದು ಪ್ರಾರ್ಥನೆಯೇ. ಶಪಿಸುವ ಅಗತ್ಯ ಬಾರದವರು ಆ ಕೀರ್ತನೆಗಳನ್ನು ಒರಟೆಂದು ತೀರ್ಮಾನಿಸಿದರು.

ಈಗ ಇನ್ನೊಂದು ಗುಂಪು ಹುಟ್ಟಿದೆ. ಯೆಹೂದ್ಯರ ಪ್ರಾರ್ಥನಾವಸ್ತ್ರ ಹೊದ್ದು, ಟಗರಿನ ಕೊಂಬು ಊದಿ, ಇಸ್ರೇಲ್ ಧ್ವಜ ಹಿಡಿದು ಆರಾಧಿಸುವವರು. ಹೀಬ್ರೂ ಗ್ರಂಥದ ಮೇಲಿನ ಪ್ರೀತಿ ಇದೆಂದು ಅವರು ಹೇಳುತ್ತಾರೆ. ಆ ಗ್ರಂಥದ ಪ್ರವಾದಿಗಳು ಯಾವ ಅರಸನ ಧ್ವಜ ಹಿಡಿದಿದ್ದರು? ನಾತಾನ ಅರಸ ದಾವೀದನ ತಪ್ಪನ್ನು ಅವನ ಮುಖಕ್ಕೇ ಹೇಳಿದ. ಆಮೋಸನನ್ನು ಬೇತೇಲಿನ ಯಾಜಕ ಊರು ಬಿಟ್ಟು ಹೋಗು ಅಂದ. ಇನ್ನೊಬ್ಬರ ಪೂಜಾಸಾಮಗ್ರಿಯನ್ನು ಎತ್ತಿಕೊಂಡು ಬಂದು, ಅವರು ತಮ್ಮ ಗ್ರಂಥವನ್ನು ಹೇಗೆ ಓದುತ್ತಾರೆಂದು ಕೇಳದಿರುವುದು ಗೌರವವಲ್ಲ.

ಕೇಳುವುದೆಂದರೆ ಏನು? ಯೆಹೂದ್ಯರದು 24 ಪುಸ್ತಕ. ಅದೇ ಸಾಮಗ್ರಿ ಪ್ರಾಟೆಸ್ಟಂಟರ ಎಣಿಕೆಯಲ್ಲಿ 39, ಕಥೋಲಿಕರು ಇನ್ನೂ ಕೆಲವನ್ನು ಸೇರಿಸಿ 46 ಮಾಡಿಕೊಂಡಿದ್ದೇವೆ. ನಮ್ಮ ಹಳೆಯ ಒಡಂಬಡಿಕೆ ಮಲಾಕಿಯನಲ್ಲಿ, ಎಲೀಯನ ನಿರೀಕ್ಷೆಯಲ್ಲಿ ಮುಗಿದು ಮತ್ತಾಯನ ಬಾಗಿಲು ತೆರೆಯುತ್ತದೆ. ಅವರದು ಪೂರ್ವಕಾಲ ವೃತ್ತಾಂತದಲ್ಲಿ, ಸೆರೆಯವರು ಊರಿಗೆ ಮರಳಬಹುದೆಂಬ ಪರ್ಷಿಯಾ ದೊರೆ ಕೋರೆಷನ ಆಜ್ಞೆಯಲ್ಲಿ ಮುಗಿಯುತ್ತದೆ. ಅಲ್ಲೊಂದು ಪೂರ್ಣ ಕಥೆಯಿದೆ, ನಮ್ಮ ಮುನ್ನುಡಿಯಾಗುವುದಕ್ಕೆ ಅದು ಕಾದು ಕುಳಿತಿರಲಿಲ್ಲ. ಕ್ರಿಸ್ಮಸ್‌ಗೆ ಯೆಶಾಯನ 7ನೇ ಅಧ್ಯಾಯ ಓದುತ್ತೇವೆ. ಇಬ್ಬರು ಅರಸರು ಯೆರೂಸಲೇಮಿನ ಮೇಲೆ ಏರಿಬಂದಾಗ ನಡುಗಿದ ಆಹಾಜನಿಗೆ ಪ್ರವಾದಿ ಹೇಳಿದ ಮಾತು ಅದು. ಹುಟ್ಟಲಿರುವ ಒಂದು ಮಗು ಕೆಟ್ಟದ್ದು ಒಳ್ಳೆಯದು ತಿಳಿಯುವಷ್ಟರಲ್ಲಿ ಆ ಇಬ್ಬರ ನಾಡೂ ಪಾಳುಬೀಳುತ್ತದೆ ಎಂಬುದು ಅಲ್ಲಿನ ಗುರುತು. ಮತ್ತಾಯ ಅದರಲ್ಲಿ ಯೇಸುವನ್ನು ಕಂಡ. ನಾನೂ ಕಾಣುತ್ತೇನೆ. ಆದರೆ ಆಹಾಜನ ಭಯವನ್ನು ಹಾರಿ ದನದ ಕೊಟ್ಟಿಗೆಗೆ ಓಡುವವನಿಗೆ ಹೆರೋದನ ಕಾಲದ ಭಯವೂ ತಿಳಿಯುವುದಿಲ್ಲ.

ಶುಭಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ವಿಶ್ವಾಸಗೆಟ್ಟವರೆಂದು ಕರೆಯುತ್ತಿದ್ದ ಪದವನ್ನು ಪೋಪ್ 23ನೇ ಜಾನ್ 1959ರಲ್ಲಿ ತೆಗೆಸಿದರು. ಯೇಸುವಿನ ಸಾವಿನ ಹೊಣೆಯನ್ನು ಆ ಇಡೀ ಜನಾಂಗದ ತಲೆಗೆ ಕಟ್ಟಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದು 1965ರ ಅಕ್ಟೋಬರ್ 28ರಂದು. ಅದಕ್ಕೆ 2025ರಲ್ಲಿ ಅರವತ್ತು ತುಂಬಿತು. ಯೆಹೂದ್ಯರ ಓದೂ ಆ ಗ್ರಂಥಕ್ಕೆ ಸಲ್ಲುವ ಓದೇ ಎಂದು 2001ರಲ್ಲಿ ಪಾಪಲ್ ಬೈಬಲ್ ಆಯೋಗ ಬರೆಯಿತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ 1904ರಿಂದ ಯೆಹೂದ್ಯರ ಸ್ಮಶಾನವಿದೆ. ನಮ್ಮದೇ ನಗರದಲ್ಲಿ ಬಾಳಿ ಸತ್ತ ಜನ ಅವರು. ಆದರೂ ತಪಸ್ಸುಕಾಲದ ನಮ್ಮ ಎಷ್ಟೋ ನಾಟಕಗಳಲ್ಲಿ ಯೆಹೂದ್ಯನೆಂದರೆ ಇನ್ನೂ ಹಲ್ಲು ಕಡಿಯುವ ಖಳ.

ಹೀಬ್ರೂ ನಮಗೆ ದೂರದ್ದೆಂದು ಕೈಚೆಲ್ಲುವವರಿಗೆ ಒಂದು ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಇಡೀ ಬೈಬಲನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ರಲ್ಲಿ. 1894ರ ನಿಘಂಟಿನ ಕಿಟ್ಟೆಲ್ ಕನ್ನಡಕ್ಕೆ ಬರುವ ಮೊದಲೇ ಹೀಬ್ರೂ ಕಲಿತಿದ್ದವರು. ಇಂದು ಬೆಂಗಳೂರಿನ ಸೆಮಿನರಿಗಳಲ್ಲಿ ಆ ಭಾಷೆ ಕಲಿಯಲು ಆನೇಕಲ್ಲಿನ ಹುಡುಗ ಮೊದಲು ಇಂಗ್ಲಿಷಿನ ಹೊಸ್ತಿಲು ದಾಟಬೇಕು. ಕಟ್ಟಡಗಳಿಗೆ ಕಾಣಿಕೆ ಎತ್ತುವ ನಮ್ಮ ಸಭೆಗಳು ಒಂದು ಕನ್ನಡದ ಹೀಬ್ರೂ ತರಗತಿಗೆ ಯಾಕೆ ದುಡ್ಡು ಹಾಕಬಾರದು? ಗ್ರಂಥವನ್ನು ಆಳವಾಗಿ ಓದಿದರೆ ಏನಾಗುತ್ತದೆ ನೋಡಿ: ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಹೊರಟಿತು. ಮುಂದೆ ಅವರು ಆಧಾರವಾಗಿ ಹಿಡಿದದ್ದು ಧರ್ಮೋಪದೇಶಕಾಂಡದ 26ನೇ ಅಧ್ಯಾಯವನ್ನು: ಅಲೆಮಾರಿಯಾಗಿದ್ದ ಪೂರ್ವಜನನ್ನು, ಐಗುಪ್ತದ ದಾಸ್ಯವನ್ನು ನೆನೆದು ಕಾಣಿಕೆಯ ಬುಟ್ಟಿ ಇಡುವ ರೈತನ ಅರಿಕೆಯನ್ನು. ಅದರ ಬೆನ್ನಿಗೇ ಮೂರನೆಯ ವರ್ಷದ ದಶಮಾಂಶ ಪರದೇಶಿ, ಅನಾಥ, ವಿಧವೆಯರ ಪಾಲೆಂದು ಮತ್ತೆ ಬರುತ್ತದೆ. ಗ್ರಂಥವನ್ನು ಅದರ ನೆಲದಲ್ಲಿ ನಿಂತು ಓದಿದವರಿಗೆ ತಮ್ಮ ನೆಲವೂ ಕಂಡ ಉದಾಹರಣೆ ಇದು, ಅದೂ ನಮ್ಮ ಊರಲ್ಲೇ ನಡೆದದ್ದು.

ಜನವರಿ ಸಂಚಿಕೆಯ ವಿಷಯ ಪ್ರವಾದಿ ಆಮೋಸ. ಲೇಖನಗಳು ಡಿಸೆಂಬರ್ 20ರೊಳಗೆ ತಲುಪಲಿ. ಸಭಾಪಾಲಕರಲ್ಲಿ, ಗುರುಗಳಲ್ಲಿ ನಮ್ಮ ಬಿನ್ನಹ: ಈ ವರ್ಷಾಂತ್ಯದ ರಾತ್ರಿ ಕಾರ್ಡು ಹಂಚುವ ಮೊದಲು ಮಲಾಕಿಯನ ಮೂರನೆಯ ಅಧ್ಯಾಯವನ್ನು ಮೊದಲ ವಚನದಿಂದ ಗಟ್ಟಿಯಾಗಿ ಓದಿಸಿ, ಗುತ್ತಿಗೆದಾರರೂ ಕೂಲಿಯವರೂ ಒಟ್ಟಿಗೆ ಕುಳಿತಿರುವಾಗ.